ಫ್ಲ್ಯಾಟ್ ನಿಮ್ಮದು, ಮೆಟ್ಟಿಲು ಯಾರದು?

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್ ತೆರೆದರೂ ಅದೇ ಮಾತು. ಟ್ಯಾಂಕರ್ ಬಂತಾ, ಲಿಫ್ಟ್ ಯಾಕೆ ನಿಂತಿದೆ, ನನ್ನ ಪಾರ್ಕಿಂಗ್‌ನಲ್ಲಿ ಯಾರ ಕಾರು ಇದೆ. ಈಗ ಇವುಗಳ ನಡುವೆ ಒಂದು ಹೊಸ ಪ್ರಶ್ನೆ ಬಂದು ಕೂತಿದೆ: "ನಮ್ಮ ಅಸೋಸಿಯೇಷನ್ ರಿಜಿಸ್ಟರ್ ಆಗಿರೋ ಕಾಯ್ದೆನೇ ತಪ್ಪಂತೆ, ಹೌದಾ?" ಕೆಳಗೆ ಒಬ್ಬರು ಕೋರ್ಟ್ ತೀರ್ಪಿನ ಪಿಡಿಎಫ್ ಹಾಕುತ್ತಾರೆ. ಯಾರೂ ಓದುವುದಿಲ್ಲ. ಮರುದಿನ ಮತ್ತೆ ಟ್ಯಾಂಕರ್.

ಈ ಪ್ರಶ್ನೆಗೆ ಉತ್ತರ ಇದೆ. ಆದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ಫ್ಲ್ಯಾಟ್ ಕೊಂಡಾಗ ನಾವು ಕೊಂಡಿದ್ದು ಏನು ಅನ್ನುವುದೇ ನಮ್ಮಲ್ಲಿ ಹಲವರಿಗೆ ಸ್ಪಷ್ಟವಿಲ್ಲ.

## ಒಂದು ಕ್ರಯಪತ್ರ, ಎರಡು ಆಸ್ತಿ

ಸೈಟು ಕೊಂಡು ಮನೆ ಕಟ್ಟಿದವರಿಗೆ ಲೆಕ್ಕ ಸುಲಭ. ಕಾಂಪೌಂಡಿನ ಒಳಗೆ ಇರುವುದೆಲ್ಲ ಅವರದು. ಫ್ಲ್ಯಾಟಿನಲ್ಲಿ ಹಾಗಲ್ಲ. ಬಾಗಿಲ ಒಳಗಿನ ಮನೆ ನಿಮ್ಮೊಬ್ಬರದು. ಅದನ್ನು ಮಾರಬಹುದು, ಅಡ ಇಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಬಾಗಿಲ ಹೊರಗಿನದು, ಅಂದರೆ ಜಾಗ, ಅಡಿಪಾಯ, ಕಂಬ, ಮೆಟ್ಟಿಲು, ಸೂರು, ಲಿಫ್ಟ್, ನೀರಿನ ಟ್ಯಾಂಕು, ಪಂಪು, ಎಲ್ಲರಿಗೂ ಸೇರಿದ್ದು. ಅದರಲ್ಲಿ ನಿಮಗಿರುವುದು ಒಂದು ಪಾಲು ಮಾತ್ರ.

ಹಳೆಯ ವಠಾರಗಳಲ್ಲೂ ಬಾವಿ, ಬಚ್ಚಲು, ಅಂಗಳ ಎಲ್ಲರಿಗೂ ಒಂದೇ ಇತ್ತು. ಆದರೆ ಅಲ್ಲಿ ಮಾಲೀಕ ಒಬ್ಬನೇ, ಉಳಿದವರು ಬಾಡಿಗೆಗೆ ಇದ್ದವರು. ಬಾವಿಯ ಹಗ್ಗ ಹರಿದರೆ ಯಾರು ತರಬೇಕು ಎಂಬುದಕ್ಕೆ ಒಂದೇ ಹೆಸರಿತ್ತು. ಅಪಾರ್ಟ್‌ಮೆಂಟ್ ಅಂದರೆ ಬಾಡಿಗೆದಾರರೆಲ್ಲ ಸೇರಿ ಮಾಲೀಕರಾದ ವಠಾರ. ಹಗ್ಗ ಈಗ 40 ಜನರದ್ದು.

ಅಮೆರಿಕದಲ್ಲಿರುವ ಬಂಧುಗಳು 'ಕಾಂಡೋ' ಅಂತ ಹೇಳುವುದೂ ಇದನ್ನೇ. ಮನೆ ಸ್ವಂತದ್ದು, ಕಟ್ಟಡ ಜಂಟಿ.

## ಪೋಡಿ ಆಗದ ಪಾಲು

ಕ್ರಯಪತ್ರದಲ್ಲಿ 'ಯುಡಿಎಸ್' ಎಂಬ ಮೂರಕ್ಷರ ಇರುತ್ತದೆ. ವಿಂಗಡಣೆ ಆಗದ ಪಾಲು ಅಂತ ಅರ್ಥ. ಊರಿನಲ್ಲಿ ಜಮೀನು ಇದ್ದವರಿಗೆ ಇದನ್ನು ವಿವರಿಸುವುದು ಕಷ್ಟವೇ ಅಲ್ಲ. ಪಹಣಿಯಲ್ಲಿ ನಾಲ್ಕು ಅಣ್ಣತಮ್ಮಂದಿರ ಹೆಸರಿದೆ, ಪೋಡಿ ಆಗಿಲ್ಲ. ಪ್ರತಿಯೊಬ್ಬರಿಗೂ ಪಾಲು ಇದೆ, ಆದರೆ 'ಈ ಬದು ನನ್ನದು' ಅಂತ ಯಾರೂ ಬೆರಳು ತೋರಿಸುವ ಹಾಗಿಲ್ಲ. ಫ್ಲ್ಯಾಟಿನ ಜಾಗವೂ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಕಟ್ಟಡ ನಿಂತಿರುವ ತನಕ ಪೋಡಿ ಕೇಳುವ ಹಾಗೇ ಇಲ್ಲ.

ಲೆಕ್ಕಕ್ಕೆ ಒಂದು ಕಟ್ಟಡ ಇಟ್ಟುಕೊಳ್ಳೋಣ. ಜಾಗ 20,000 ಚದರಡಿ. ಅದರ ಮೇಲೆ 40 ಫ್ಲ್ಯಾಟು, ಎಲ್ಲ ಸೇರಿ 50,000 ಚದರಡಿ. ನಿಮ್ಮ ಫ್ಲ್ಯಾಟು 1,250 ಚದರಡಿ ಇದ್ದರೆ ನಿಮ್ಮದು ಶೇ. 2.5. ಜಾಗದಲ್ಲಿ ಅದರ ಲೆಕ್ಕ 500 ಚದರಡಿ. ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಈ ಶೇಕಡಾವನ್ನು ಫ್ಲ್ಯಾಟಿನ ಬೆಲೆಯ ಮೇಲೆ ಲೆಕ್ಕ ಹಾಕಬೇಕು. ವ್ಯವಹಾರದಲ್ಲಿ ಹೆಚ್ಚಿನವರು ಚದರಡಿಯ ಮೇಲೆಯೇ ಹಾಕುತ್ತಾರೆ.

ಈ ಶೇ. 2.5 ನೋಡಲು ಸಣ್ಣದು. ಆದರೆ ಖರ್ಚಿನಲ್ಲಿ ನಿಮ್ಮ ಪಾಲು, ಆದಾಯದಲ್ಲಿ ನಿಮ್ಮ ಪಾಲು, ಮತಕ್ಕೆ ಎಷ್ಟು ತೂಕ, ಎಲ್ಲಕ್ಕೂ ಬೇರು ಇದೇ. ಎಲ್ಲ ಮಾಲೀಕರೂ ಒಪ್ಪದೆ ಇದನ್ನು ಬದಲಿಸುವ ಹಾಗಿಲ್ಲ. ಎಲ್ಲರೂ ಅಂದರೆ ಎಲ್ಲರೂ, ಬಹುಮತ ಸಾಲದು.

## ಯಾರೂ ಓದದ ಪತ್ರ

ಈ ಶೇಕಡಾವಾರು ಬರೆದಿಟ್ಟಿರುವ ಪತ್ರಕ್ಕೆ ಘೋಷಣಾ ಪತ್ರ ಅಂತ ಹೆಸರು. ಅಪಾರ್ಟ್‌ಮೆಂಟಿನವರ ಬಾಯಲ್ಲಿ ಅದು 'ಡೀಡ್ ಆಫ್ ಡಿಕ್ಲರೇಷನ್', ಇಲ್ಲವೇ ಸುಮ್ನೆ 'ಡಿಒಡಿ'. ಇದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಜೊತೆಗೆ ಬೈಲಾ ಇರುತ್ತದೆ. ನಾನು ಈ ನಿಯಮಗಳಿಗೆ ಒಳಪಡುತ್ತೇನೆ ಎಂದು ಪ್ರತಿ ಮಾಲೀಕರೂ 'ಫಾರ್ಮ್ ಬಿ'ಗೆ ಸಹಿ ಹಾಕಬೇಕು.

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ತಾನಾಗಿಯೇ ಯಾವ ಕಟ್ಟಡಕ್ಕೂ ಅನ್ವಯಿಸುವುದಿಲ್ಲ. ಜಾಗದ ಮಾಲೀಕರು, ಅಥವಾ ಎಲ್ಲ ಫ್ಲ್ಯಾಟ್ ಮಾಲೀಕರು ಸೇರಿ, ಘೋಷಣಾ ಪತ್ರ ನೋಂದಾಯಿಸಿ ಕಟ್ಟಡವನ್ನು ಆ ಕಾಯ್ದೆಗೆ ಒಪ್ಪಿಸಬೇಕು. ಆಮೇಲೆ ಮಾತ್ರ ಅದರ ರಕ್ಷಣೆ ಸಿಗುತ್ತದೆ.

ಸಾಮಾನ್ಯವಾಗಿ ಈ ಪತ್ರವನ್ನು ಬರೆಸುವುದು ಬಿಲ್ಡರ್. ಯಾವುದು ಸಾಮಾನ್ಯ ಜಾಗ ಅಂತ ಕಾಯ್ದೆ ಒಂದು ಉದ್ದದ ಪಟ್ಟಿ ಕೊಡುತ್ತದೆ. ಸೂರು, ನೆಲಮಾಳಿಗೆ, ತೋಟ, ಪಾರ್ಕಿಂಗ್, ಎಲ್ಲ ಅದರಲ್ಲಿವೆ. ಆದರೆ ಪಟ್ಟಿಯ ಮೊದಲಲ್ಲೇ ಒಂದು ಮಾತಿದೆ: ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ. ಟೆರೇಸು ಮೇಲಿನ ಮನೆಯವರಿಗೆ ಮಾತ್ರ ಅಂತ ಪತ್ರದಲ್ಲಿ ಬರೆದುಬಿಟ್ಟಿದ್ದರೆ, ಸಂಕ್ರಾಂತಿಗೆ ಗಾಳಿಪಟ ಹಿಡಿದು ಮೇಲೆ ಹೋದ ಮಕ್ಕಳಿಗೆ ಬೀಗ ಕಾಣಿಸುತ್ತದೆ. ಫ್ಲ್ಯಾಟಿನ ಟೈಲ್ಸ್ ಬಣ್ಣಕ್ಕೆ ಮೂರು ವಾರ ಯೋಚಿಸುವ ನಾವು ಈ ಪತ್ರಕ್ಕೆ ಮೂರು ನಿಮಿಷ ಕೊಡುವುದಿಲ್ಲ ಅನ್ನುವುದು ನನಗೆ ಯಾವಾಗಲೂ ಸೋಜಿಗ.

## ರಿಜಿಸ್ಟ್ರೇಷನ್ ಗೊಂದಲ ಎಲ್ಲಿಂದ ಬಂತು?

ಈಗ ಗ್ರೂಪಿನ ಪ್ರಶ್ನೆಗೆ ಬರೋಣ. 1972ರ ಹೆಸರಿನಲ್ಲಿ ಕರ್ನಾಟಕದಲ್ಲಿ ಎರಡು ಕಾಯ್ದೆಗಳಿವೆ. ಒಂದು ಮೇಲೆ ಹೇಳಿದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಜನ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ 'ಕೆಎಒಎ' ಅನ್ನುತ್ತಾರೆ. ಇನ್ನೊಂದು ಬಿಲ್ಡರ್‌ಗಳ ಮೇಲೆ ಹಿಡಿತ ಇಡಲು ಬಂದದ್ದು, 'ಕೆಒಎಫ್‌ಎ'. ಎರಡನೆಯದು ಫ್ಲ್ಯಾಟ್ ಕೊಂಡವರ ಸಹಕಾರ ಸಂಘ ಅಥವಾ ಕಂಪನಿ ಮಾಡಿಸಿ ಎಂದು ಬಿಲ್ಡರ್‌ಗೆ ಹೇಳುತ್ತದೆ. ಮೊದಲನೆಯದು ಘೋಷಣಾ ಪತ್ರದ ದಾರಿ ತೋರಿಸುತ್ತದೆ. ಅವಳಿ ಮಕ್ಕಳಂತೆ ಬಂದವು, ಬೇರೆ ಬೇರೆ ದಿಕ್ಕಿಗೆ ನಡೆದವು.

ಜನ ಏನು ಮಾಡಿದರು? ಎರಡೂ ಬೇಡ ಅಂತ ಮೂರನೇ ದಾರಿ ಹಿಡಿದರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಅಸೋಸಿಯೇಷನ್ ನೋಂದಾಯಿಸಿದರು. ಕನ್ನಡ ಸಂಘ, ಭಜನಾ ಮಂಡಳಿ, ಯುವಕ ಸಂಘ ನೋಂದಾಯಿಸುವ ಕಾಯ್ದೆ ಅದು. ಕೆಲಸ ಬೇಗ ಆಗುತ್ತದೆ, ಪ್ರಮಾಣಪತ್ರ ಸಿಗುತ್ತದೆ, ಬ್ಯಾಂಕಿನಲ್ಲಿ ಖಾತೆಯೂ ತೆರೆಯುತ್ತದೆ.

ತೊಡಕು ಎಲ್ಲಿದೆ ಅಂದರೆ, ಸಂಘಕ್ಕೆ ಸೇರುವುದು ಬಿಡುವುದು ಅವರವರ ಇಷ್ಟ. ಭಜನಾ ಮಂಡಳಿ ಬೇಡ ಅಂತ ಎದ್ದು ಹೋಗಬಹುದು. ಲಿಫ್ಟಿನ ಖರ್ಚು ಬೇಡ ಅಂತ ಎದ್ದು ಹೋಗಲು ಆಗುತ್ತದಾ? ಕೆಎಒಎ ಪ್ರಕಾರ ಫ್ಲ್ಯಾಟ್ ಕೊಂಡ ಕ್ಷಣ ನೀವು ಅಸೋಸಿಯೇಷನ್‌ನಲ್ಲಿ ಇದ್ದೀರಿ, ಮಾರುವ ತನಕ ಇರುತ್ತೀರಿ. 2019ರಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಪರಿಶೀಲಿಸಿತು. ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್ ನಡೆಸುವುದು ಸಂಘಗಳ ಕಾಯ್ದೆ ಪಟ್ಟಿ ಮಾಡಿದ ಉದ್ದೇಶಗಳಲ್ಲಿ ಬರುವುದಿಲ್ಲ ಎಂದಿತು. ಗ್ರೂಪಿನಲ್ಲಿ ಓಡಾಡುತ್ತಿರುವ 'ತಪ್ಪು ಕಾಯ್ದೆ' ಮಾತಿನ ಮೂಲ ಇದು. ಬರೀ ಮನೆಗಳಿರುವ ಕಟ್ಟಡಕ್ಕೆ ಕೆಎಒಎ, ಅಂಗಡಿ ಮನೆ ಬೆರೆತಿದ್ದರೆ ಸಹಕಾರ ಸಂಘದ ದಾರಿ ಎಂಬ ಅರ್ಥ ಬರುವ ತೀರ್ಪುಗಳು ಆಮೇಲೆ ಬಂದಿವೆ.

ಹಾಗಂತ ಸಂಘ ಅಂತ ನೋಂದಾಯಿಸಿದ ಅಸೋಸಿಯೇಷನ್ ನಾಳೆ ಬೆಳಗ್ಗೆ ಮಾಯವಾಗುವುದಿಲ್ಲ. ವಾಚ್‌ಮನ್‌ಗೆ ಸಂಬಳ ಕೊಡುತ್ತದೆ, ಪಂಪು ಓಡುತ್ತದೆ. ಯಾರಾದರೂ ಬಾಕಿ ಉಳಿಸಿಕೊಂಡು ಕೋರ್ಟಿಗೆ ಹೋದಾಗ ಅದರ ಕಾಲು ಎಷ್ಟು ಗಟ್ಟಿ ಅನ್ನುವುದು ಗೊತ್ತಾಗುತ್ತದೆ. ಐವತ್ತು ವರ್ಷ ಹಳೆಯ ಈ ಗೋಜಲನ್ನು ಬಿಡಿಸಲು ರಾಜ್ಯ ಸರ್ಕಾರ ಅಪಾರ್ಟ್‌ಮೆಂಟ್ ಮಾಲೀಕತ್ವ ಮತ್ತು ನಿರ್ವಹಣೆ ಕುರಿತು ಹೊಸ ಮಸೂದೆಯ ಕರಡನ್ನೂ ತಯಾರಿಸಿದೆ. ಈ ವಿಷಯ ಈಗ ಮತ್ತೆ ಬಾಯಿಗೆ ಬಂದಿರುವುದಕ್ಕೆ ಅದೂ ಒಂದು ಕಾರಣ.

## ರೇರಾ ತಂದ ಬದಲಾವಣೆ

2016ರಲ್ಲಿ ಸಂಸತ್ತು ಒಪ್ಪಿದ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, 2017ರ ಮೇ 1ರಿಂದ ಪೂರ್ತಿ ಜಾರಿಗೆ ಬಂತು. ಅದು ಮುಖ್ಯವಾಗಿ ಕೊಳ್ಳುವವರ ಮತ್ತು ಬಿಲ್ಡರ್ ನಡುವಿನ ವ್ಯವಹಾರಕ್ಕೆ ಸಂಬಂಧಿಸಿದ್ದು. ಅಗ್ರಿಮೆಂಟ್ ಇಲ್ಲದೆ ಶೇ. 10ಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವ ಹಾಗಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ. 70 ಆ ಯೋಜನೆಗೆಂದೇ ಇರುವ ಖಾತೆಯಲ್ಲಿ ಇರಬೇಕು. 'ಸೂಪರ್ ಬಿಲ್ಟ್ ಅಪ್' ಎಂಬ ಹಿಗ್ಗುವ ಲೆಕ್ಕದ ಬದಲು ಕಾರ್ಪೆಟ್ ಏರಿಯಾ, ಅಂದರೆ ನೀವು ನಿಜಕ್ಕೂ ಓಡಾಡುವ ಒಳಜಾಗ, ತೋರಿಸಬೇಕು.

ವಾಸಕ್ಕೆ ಬಂದ ಮೇಲೂ ಉಪಯೋಗಕ್ಕೆ ಬರುವ ಅಂಶ ಇನ್ನೊಂದಿದೆ. ಮನೆ ಕೈಗೆ ಬಂದ ದಿನದಿಂದ 5 ವರ್ಷದ ಒಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಮೊದಲ ಮಳೆಗಾಲಕ್ಕೇ ಬೇಸ್‌ಮೆಂಟಿನ ಗೋಡೆ ಒದ್ದೆಯಾದರೆ ಕಮಿಟಿಯ ಹಣದಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸುವ ಮೊದಲು ಈ ಸಾಲು ನೆನಪಿರಲಿ. ಫೋಟೋ ತೆಗೆದು, ದಿನಾಂಕ ಹಾಕಿ, ಬರಹದಲ್ಲಿ ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಆದರೆ ರೇರಾ ಒಂದು ಹೊಸ ಗಂಟನ್ನೂ ಹಾಕಿತು. ಅದರ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಜಾಗದ ಹಕ್ಕನ್ನು ಅಸೋಸಿಯೇಷನ್ ಹೆಸರಿಗೆ ಬರೆದುಕೊಡಬೇಕು. ಕೆಎಒಎ ಪ್ರಕಾರ ಆ ಪಾಲು ಒಬ್ಬೊಬ್ಬ ಮಾಲೀಕರ ಹೆಸರಿನಲ್ಲೇ ಇರುತ್ತದೆ, ಕ್ರಯಪತ್ರದಲ್ಲಿ ಆಗಲೇ ಕೊಟ್ಟೂ ಆಗಿದೆ. ಒಮ್ಮೆ ನಿಮಗೆ ಕೊಟ್ಟದ್ದನ್ನು ಮತ್ತೆ ಅಸೋಸಿಯೇಷನ್‌ಗೆ ಹೇಗೆ ಕೊಡುವುದು? ಕರ್ನಾಟಕದಲ್ಲಿ ವಕೀಲರು, ಬಿಲ್ಡರ್‌ಗಳು, ನಿವಾಸಿಗಳು ಇನ್ನೂ ವಾದಿಸುತ್ತಿರುವ ಪ್ರಶ್ನೆ ಇದು. ಹೊಸ ಮಸೂದೆ ಕೈಗೆ ಸಿಕ್ಕರೆ ಮೊದಲು ಹುಡುಕಬೇಕಾದ್ದು ಜಾಗ ಯಾರ ಹೆಸರಿಗೆ ಅನ್ನುವ ಸಾಲು.

## ಮೆಂಟೆನೆನ್ಸ್: ತಲೆಗಿಷ್ಟೋ, ಚದರಡಿಗಿಷ್ಟೋ?

ಮಹಾಸಭೆಯಲ್ಲಿ ಕುರ್ಚಿ ಸದ್ದಾಗುವುದು ಈ ವಿಷಯಕ್ಕೇ. ನಮ್ಮ 40 ಮನೆಗಳ ಕಟ್ಟಡಕ್ಕೆ ತಿಂಗಳಿಗೆ 2,00,000 ರೂಪಾಯಿ ಖರ್ಚು ಅಂದುಕೊಳ್ಳಿ. ಸಮನಾಗಿ ಹಂಚಿದರೆ ಮನೆಗೆ 5,000. ಚದರಡಿ ಲೆಕ್ಕದಲ್ಲಿ ಅಡಿಗೆ 4 ರೂಪಾಯಿ. ಆಗ 900 ಚದರಡಿಯ ಮನೆಗೆ 3,600, 2,000 ಚದರಡಿಯ ಮನೆಗೆ 8,000.

ದೊಡ್ಡ ಮನೆಯವರು ಕೇಳುತ್ತಾರೆ: ನಾವು ಇಬ್ಬರೇ ಇರೋದು, ಲಿಫ್ಟ್‌ನಲ್ಲಿ ಏನು ಎರಡು ಸಲ ಹೋಗ್ತೀವಾ? ಚಿಕ್ಕ ಮನೆಯವರು ಕೇಳುತ್ತಾರೆ: ಜಾಗದಲ್ಲಿ ನಿಮ್ಮ ಪಾಲು ನಮ್ಮ ಎರಡರಷ್ಟಲ್ವಾ? ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕೆಎಒಎ ಉತ್ತರ ನೇರ. ಸಾಮಾನ್ಯ ಖರ್ಚನ್ನು ಸಾಮಾನ್ಯ ಜಾಗದಲ್ಲಿರುವ ಪಾಲಿನ ಪ್ರಕಾರ ಹಂಚಬೇಕು. ಟೆರೇಸ್ ಮೇಲಿನ ಮೊಬೈಲ್ ಟವರ್ ಬಾಡಿಗೆಯಂಥ ಆದಾಯಕ್ಕೂ ಇದೇ ಲೆಕ್ಕ. ಮಹಾರಾಷ್ಟ್ರದಲ್ಲೂ ಹೆಚ್ಚುಕಡಿಮೆ ಇದೇ ಥರದ ಕಾಯ್ದೆ ಇದೆ. ಪುಣೆಯ ಒಂದು ಪ್ರಕರಣದಲ್ಲಿ 2025ರಲ್ಲಿ ಬಾಂಬೆ ಹೈಕೋರ್ಟ್ ಹೀಗೇ ಹೇಳಿತು: ದೊಡ್ಡ ಫ್ಲ್ಯಾಟಿಗೆ ಪಾಲು ದೊಡ್ಡದು, ಮೆಂಟೆನೆನ್ಸೂ ದೊಡ್ಡದು.

'ನಾನು ಸ್ವಿಮ್ಮಿಂಗ್ ಪೂಲ್ ಬಳಸಲ್ಲ, ಅದರ ದುಡ್ಡು ಕೊಡಲ್ಲ' ಅನ್ನುವ ವಾದ ನಡೆಯುವುದಿಲ್ಲ. ಬಳಸದೆ ಬಿಟ್ಟರೂ ಪಾಲು ಕೊಡಬೇಕು ಎಂದು ಕಾಯ್ದೆಯಲ್ಲೇ ಇದೆ. ಹಾಗೆಯೇ ಬಾಕಿ ಉಳಿಸಿದವರ ನೀರು, ಕರೆಂಟು ಕಡಿಯುವುದು ಕಾಯ್ದೆ ಕೊಟ್ಟ ದಾರಿ ಅಲ್ಲ. ಕಾಯ್ದೆ ಕೊಟ್ಟ ದಾರಿ ಬೇರೆ: ಬಾಕಿ ಮೊತ್ತ ಆ ಫ್ಲ್ಯಾಟಿನ ಮೇಲೆಯೇ ಋಣವಾಗಿ ಕೂರುತ್ತದೆ. ತೆರಿಗೆ ಮತ್ತು ಮೊದಲ ಅಡಮಾನದ ಸಾಲ ಬಿಟ್ಟರೆ ಅದಕ್ಕೇ ಮೊದಲ ಸ್ಥಾನ. ಹಳೆಯ ಫ್ಲ್ಯಾಟ್ ಕೊಳ್ಳುವವರು ಅಸೋಸಿಯೇಷನ್‌ನಿಂದ 'ಬಾಕಿ ಇಲ್ಲ' ಪತ್ರ ಕೇಳುವುದು ಇದಕ್ಕೇ. ಇಲ್ಲದಿದ್ದರೆ ಮಾರಿದವರ ಬಾಕಿ ಕೊಂಡವರ ತಲೆಗೂ ಬರುತ್ತದೆ.

ಇದರ ಮೇಲೆ ಜಿಎಸ್‌ಟಿ. ಅಸೋಸಿಯೇಷನ್‌ನ ವರ್ಷದ ಸಂಗ್ರಹ 20 ಲಕ್ಷ ದಾಟಬೇಕು, ಜೊತೆಗೆ ಆ ಮನೆಯ ತಿಂಗಳ ಮೆಂಟೆನೆನ್ಸ್ 7,500 ದಾಟಬೇಕು. ಎರಡೂ ಆದರೆ ಮಾತ್ರ ಶೇ. 18 ತೆರಿಗೆ. ನಮ್ಮ ಉದಾಹರಣೆಯಲ್ಲಿ ವರ್ಷಕ್ಕೆ 24 ಲಕ್ಷ, ಹಾಗಾಗಿ ಮೊದಲ ಗೆರೆ ದಾಟಿತು. 8,000 ಕೊಡುವ ದೊಡ್ಡ ಮನೆ ಎರಡನೆಯದನ್ನೂ ದಾಟಿತು. ಈಗ ತೆರಿಗೆ ಯಾವುದರ ಮೇಲೆ? ಪೂರ್ತಿ 8,000ದ ಮೇಲೆ ಎಂದು 2019ರ ಜುಲೈನ ಸುತ್ತೋಲೆ ಹೇಳುತ್ತದೆ. ಹಾಗೆ ನೋಡಿದರೆ 1,440 ರೂಪಾಯಿ. ಇಲ್ಲ, 7,500ಕ್ಕಿಂತ ಮೇಲಿನ 500ಕ್ಕೆ ಮಾತ್ರ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಹಾಗೆ ನೋಡಿದರೆ 90 ರೂಪಾಯಿ. ಒಬ್ಬರ ಹೆಸರಿನಲ್ಲಿ ಎರಡು ಫ್ಲ್ಯಾಟ್ ಇದ್ದರೆ ಮಿತಿಯನ್ನು ಪ್ರತಿ ಫ್ಲ್ಯಾಟಿಗೂ ಬೇರೆಯಾಗಿಯೇ ನೋಡಬೇಕು.

## ಕಾರು ನಿಲ್ಲಿಸುವ ಜಾಗ, ಬಿಲ್ಡರ್ ಬದಲಿಸುವ ನಕ್ಷೆ

ತೆರೆದ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರಬಹುದಾ? 2010ರ ಆಗಸ್ಟ್‌ನಲ್ಲಿ ಮುಂಬೈನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ತೆರೆದ ಜಾಗವಾಗಲಿ, ಕಂಬಗಳ ಕೆಳಗಿನ ಸ್ಟಿಲ್ಟ್ ಜಾಗವಾಗಲಿ ಫ್ಲ್ಯಾಟಿನ ಹಾಗೆ ಮಾರುವ ಸರಕಲ್ಲ, ಅದು ಎಲ್ಲರಿಗೂ ಸೇರಿದ್ದು ಎಂಬುದು ಆ ತೀರ್ಪು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲೆ ಬಂದದ್ದು. ಆಮೇಲೆ ಬಂದ ರೇರಾ ತೆರೆದ ಪಾರ್ಕಿಂಗನ್ನು ಸಾಮಾನ್ಯ ಜಾಗದ ಪಟ್ಟಿಗೇ ಸೇರಿಸಿತು.

ಪಾಲಿನ ಹಕ್ಕು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನೋಯ್ಡಾ ಉದಾಹರಣೆ ಇದೆ. ತೋಟ ಇರಬೇಕಾದ ಜಾಗದಲ್ಲಿ ಬಿಲ್ಡರ್ ಎರಡು ಗೋಪುರ ಎಬ್ಬಿಸಿದಾಗ ಅಲ್ಲಿನ ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. ನಕ್ಷೆ ಬದಲಿಸುವಾಗ ಮೊದಲೇ ಕೊಂಡವರ ಒಪ್ಪಿಗೆ ತೆಗೆದುಕೊಂಡಿರಲಿಲ್ಲ ಅನ್ನುವುದು ಅವರ ವಾದಗಳಲ್ಲಿ ಒಂದು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಕೆಡವಲು ಆದೇಶಿಸಿತು. 2022ರ ಆಗಸ್ಟ್ 28ರಂದು ಸೂಪರ್‌ಟೆಕ್‌ನ ಅವಳಿ ಗೋಪುರ ಕೆಲವೇ ಸೆಕೆಂಡುಗಳಲ್ಲಿ ಧೂಳಾಯಿತು. ಟಿವಿಯಲ್ಲಿ ಎಲ್ಲರೂ ನೋಡಿದ್ದು ಧೂಳನ್ನು. ಅದರ ಹಿಂದೆ ಇದ್ದದ್ದು ಮೇಲೆ ಹೇಳಿದ ಆ ಸಣ್ಣ ಶೇಕಡಾವಾರು. ಈಗ ರೇರಾ ಪ್ರಕಾರ ಮಂಜೂರಾದ ನಕ್ಷೆಯಲ್ಲಿ ದೊಡ್ಡ ಬದಲಾವಣೆಗೆ ಮೂರನೇ ಎರಡರಷ್ಟು ಜನರ ಬರಹದ ಒಪ್ಪಿಗೆ ಬೇಕು.

## ಓಸಿ

ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆ, ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಪತ್ರ 'ಓಸಿ'. ಇದಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕರ್ನಾಟಕದಲ್ಲಿ ಸಾವಿರಾರು ಜನರಿಗೆ ಬಿಸಿ ತಟ್ಟಿತು. ಚಿಕ್ಕ ಸೈಟಿನ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ. ದೊಡ್ಡ ಅಪಾರ್ಟ್‌ಮೆಂಟಿಗೆ ಇಲ್ಲ.

## ಕಟ್ಟಡಕ್ಕೆ ವಯಸ್ಸಾದಾಗ

2021ರ ಜೂನ್ 24ರ ಬೆಳಗಿನ ಜಾವ ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಒಂದು ಕಾಂಡೋ ಕಟ್ಟಡ ಕುಸಿದು 98 ಜನ ಸತ್ತರು. ಕಟ್ಟಿದ್ದು 1981ರಲ್ಲಿ. ದೊಡ್ಡ ರಿಪೇರಿ ಬೇಕು ಎಂದು ಎಂಜಿನಿಯರ್ ವರದಿ ಕೊಟ್ಟಿದ್ದರು. ಅಷ್ಟು ದುಡ್ಡು ಹೇಗೆ ಹೊಂದಿಸುವುದು ಎಂದು ಮಾಲೀಕರು ಚರ್ಚೆಯಲ್ಲೇ ಇದ್ದರು. ಮರುವರ್ಷ ಫ್ಲೋರಿಡಾ ಕಾನೂನು ಬದಲಿಸಿತು: ಮೂರು ಅಥವಾ ಅದಕ್ಕಿಂತ ಹೆಚ್ಚು ಅಂತಸ್ತಿನ ಹಳೆಯ ಕಾಂಡೋಗಳಿಗೆ ಕಟ್ಟಡ ತಪಾಸಣೆ ಕಡ್ಡಾಯ, ರಿಪೇರಿಗೆ ಹಣ ಮೀಸಲಿಡುವುದೂ ಕಡ್ಡಾಯ.

ನಮ್ಮಲ್ಲಿ ಆ ಮೀಸಲು ಹಣಕ್ಕೆ 'ಕಾರ್ಪಸ್' ಅನ್ನುತ್ತೇವೆ. ಫ್ಲ್ಯಾಟ್ ಕೊಳ್ಳುವಾಗ ಬಿಲ್ಡರ್ ಒಂದು ಸಲ ತೆಗೆದುಕೊಂಡಿರುತ್ತಾನೆ, ಅಸೋಸಿಯೇಷನ್‌ಗೆ ದಾಟಿಸಬೇಕು. ಎಷ್ಟೋ ಕಡೆ ಮೊದಲ ಕಮಿಟಿಯ ಅರ್ಧ ಆಯಸ್ಸು ಅದನ್ನು ಕೇಳುವುದರಲ್ಲೇ ಕಳೆಯುತ್ತದೆ. ತಿಂಗಳ ಮೆಂಟೆನೆನ್ಸ್ ಕಡಿಮೆ ತೋರಿಸಲು ಕಾರ್ಪಸ್ ಕರಗಿಸುವ ಕಮಿಟಿಗಳೂ ಇವೆ. ಲಿಫ್ಟ್ ಹೊಸದು ಹಾಕುವ ವರ್ಷ ಅದರ ಬಿಲ್ ಬರುತ್ತದೆ.

ಕಟ್ಟಡ ನಾಶವಾದರೆ ಏನು ಎಂಬುದನ್ನೂ ಕೆಎಒಎ ಯೋಚಿಸಿದೆ. ಹಾನಿಯಾದ 60 ದಿನದ ಒಳಗೆ ಮತ್ತೆ ಕಟ್ಟುವ ತೀರ್ಮಾನಕ್ಕೆ ಅಸೋಸಿಯೇಷನ್ ಬರದಿದ್ದರೆ ಆಸ್ತಿ ಎಲ್ಲರ ಜಂಟಿ ಆಸ್ತಿಯಾಗುತ್ತದೆ. ಆಗ ಯಾರೊಬ್ಬರು ಬೇಕಾದರೂ ಪಾಲಿಗೆ ದಾವೆ ಹೂಡಬಹುದು. ಮಾರಿ ಬಂದ ಹಣವನ್ನು ಅದೇ ಶೇಕಡಾವಾರು ಪ್ರಕಾರ ಹಂಚುತ್ತಾರೆ. ಪೋಡಿಯ ಮಾತು ಬರುವುದು ಆಗ ಮಾತ್ರ.

ಹಳೆಯದಾದ ಕಟ್ಟಡವನ್ನು ನಾವೇ ಕೆಡವಿ ಹೊಸದು ಕಟ್ಟಬೇಕು ಅಂದರೆ ಇನ್ನೂ ಕಷ್ಟ. ಕಟ್ಟಡವನ್ನು ಕಾಯ್ದೆಯಿಂದ ಹೊರಗೆ ತರಲು ಎಲ್ಲ ಮಾಲೀಕರೂ ಸಹಿ ಹಾಕಬೇಕು. 40ರಲ್ಲಿ ಒಬ್ಬರು ದುಬೈಯಲ್ಲಿದ್ದು ಫೋನ್ ಎತ್ತದಿದ್ದರೂ ಕಡತ ನಿಂತಿತು. ಬೆಂಗಳೂರಿನ ಮೊದಮೊದಲ ಅಪಾರ್ಟ್‌ಮೆಂಟುಗಳಿಗೆ ಈಗ ಆ ವಯಸ್ಸು ಬರುತ್ತಿದೆ.

## ನಿಮ್ಮ ಪತ್ರ ಎಲ್ಲಿದೆ?

ಕಮಿಟಿಯ ಬೀರುವಿನಲ್ಲಿ ಘೋಷಣಾ ಪತ್ರ ಇಲ್ಲದಿದ್ದರೆ ಗಾಬರಿ ಬೇಡ. ಅದು ನೋಂದಾಯಿತ ದಾಖಲೆ. ನಿಮ್ಮ ಕ್ರಯಪತ್ರದಲ್ಲಿ ಅದರ ನೋಂದಣಿ ಸಂಖ್ಯೆ ಇದೆಯಾ ನೋಡಿ. ಇದ್ದರೆ ಅದೇ ಉಪನೋಂದಣಾಧಿಕಾರಿ ಕಚೇರಿಯಿಂದ, ಅಥವಾ ಕಾವೇರಿ ಪೋರ್ಟಲ್‌ನಲ್ಲಿ, ದೃಢೀಕೃತ ನಕಲು ಕೇಳಬಹುದು. ಸಂಖ್ಯೆಯೇ ಇಲ್ಲದಿದ್ದರೆ ಆ ಜಾಗದ ಋಣಭಾರ ಪತ್ರ ತೆಗೆಸಿ ಹುಡುಕಿ. ಅದರಲ್ಲೂ ಇಲ್ಲ ಅಂದರೆ ಘೋಷಣಾ ಪತ್ರ ನೋಂದಣಿ ಆಗದೇ ಇರುವ ಸಾಧ್ಯತೆಯೇ ಜಾಸ್ತಿ. ಆಗ ಮುಂದಿನ ಮಹಾಸಭೆಯ ಮೊದಲ ವಿಷಯ ಟ್ಯಾಂಕರ್ ಅಲ್ಲ.

ಪತ್ರ ಸಿಕ್ಕರೆ ಕಡೆಯ ಪುಟಗಳಲ್ಲಿ ಒಂದು ಪಟ್ಟಿ ಇರುತ್ತದೆ. ಎಡಕ್ಕೆ ಫ್ಲ್ಯಾಟ್ ನಂಬರ್, ಬಲಕ್ಕೆ ಶೇಕಡಾವಾರು. ಕಾಯ್ದೆಯ ಲೆಕ್ಕದಲ್ಲಿ ಬಹುಮತ ಅಂದರೆ ಪತ್ರದಲ್ಲಿ ಮತಕ್ಕೆಂದು ಬರೆದ ಇಂಥ ಶೇಕಡಾವಾರಿನಲ್ಲಿ 51 ಇರಬೇಕು, ಸಭೆಯಲ್ಲಿ ಎದ್ದ ಕೈಗಳಲ್ಲಿ ಅಲ್ಲ. ನಿಮ್ಮ ಮನೆಯ ಸಾಲನ್ನು ನಿಮ್ಮ ಕ್ರಯಪತ್ರದ ಜೊತೆ ತಾಳೆ ನೋಡಿ. ಆಮೇಲೆ ಬಲಗಡೆಯ ಅಂಕಿಗಳನ್ನೆಲ್ಲ ಕೂಡಿಸಿ. 100 ಬರಬೇಕು. ಬರದಿದ್ದರೆ ಉಳಿದದ್ದು ಯಾರ ಹೆಸರಿನಲ್ಲಿದೆ ಅಂತ ಕಮಿಟಿಗೆ ಬರಹದಲ್ಲಿ ಕೇಳಿ.